ಗಾಜಿಲ್ಲದ ಚೌಕಟ್ಟು

“ಟೀವಿ ಕಟಗಿ ಎಷ್ಟ ಬೇಕಾದ್ರೂ ನೋಡ್ರಿ, ಮುಟ್ರಿ, ಫೋಟೋ ಹೊಡ್ಕೊರಿ. ಆದ್ರ ಕಟಗಿಯಿಂದ ಗಾಜ ಮಾತ್ರ ಬ್ಯಾರೆ ಮಾಡಬ್ಯಾಡ್ರಿ ಯಪ್ಪಾ,” ಎಂದು ರೇಣವ್ವ ಹೇಳಿದಾಗ ಸುಶೀಲೇಂದ್ರನಿಗೆ ನಗು ತಡೆಯಲಾಗಲಿಲ್ಲ.

ಘೋಣಸಗಿಯ ಆ ಮನೆಯ ಹಿಂದಿನ ಕೋಣೆಯಲ್ಲಿ ನಡುಮಧ್ಯಾಹ್ನವೂ ಕತ್ತಲೆ. ಜೋಳದ ಚೀಲದ ಧೂಳು, ಒಣಗಿದ ಬೇವಿನೆಲೆ, ಎಂದೋ ಚೆಲ್ಲಿದ ಸೀಮೆಎಣ್ಣೆ, ಎಲ್ಲ ಸೇರಿದ ವಾಸನೆ ಗಂಟಲಿಗೆ ಅಡರುತ್ತಿತ್ತು. ಮೂಲೆಯ ಮೇಜಿನ ಮೇಲೆ ಹಳೆಯ ಸೀರೆ ಹೊದ್ದುಕೊಂಡು ಟೀವಿ ಕೂತಿತ್ತು. ರೇಣವ್ವ ಸೀರೆ ಸರಿಸಿದಳು. ಎರಡು ಕಡೆಗೂ ಸರಿಯುವ ಮರದ ಬಾಗಿಲು, ಬಲಗಡೆ ಎರಡು ದಪ್ಪ ಗುಂಡಿ, ಉಬ್ಬಿದ ಬೂದು ಗಾಜು. ಗಾಜಿನ ನಾಲ್ಕು ಮೂಲೆಗೂ ಮೇಣ ಮೆತ್ತಿ ಕರಿದಾರ ಅಂಟಿಸಿದ್ದರು.

“ಟೀವಿಗೂ ಮಾಟ ಮಾಡಸ್ತಾರೇನ್ರಿ? ಹಂಗಾದ್ರ ನಿಂಬಿಹಣ್ಣ ಹಿಂಡಿದ್ರ ಚಾನೆಲ್ ಬದಲಾಗ್ತಾವೋ ಏನೋ!”

ರೇಣವ್ವ ನಗಲಿಲ್ಲ. ಮಗಳು ವಿಶಾಖಾ ಹದಿನಾರನೆಯ ವಯಸ್ಸಿಗೇ ತೀರಿಹೋದದ್ದು, ಗಂಡ ಹಣಮಂತ ಹುಚ್ಚನಂತಾಗಿ ಯಾವನೋ ಮಾಟಗಾರನ ಕಾಲಿಗೆ ಬಿದ್ದು ಮಗಳ ಮುಖ ಒಮ್ಮೆ ತೋರಿಸೆಂದು ಬೇಡಿದ್ದು, ಅವನು ಬಂದು ಈ ಗಾಜಿಗೆ ಏನನ್ನೋ ಸವರಿ ಹೋದದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದಳು.

“ತೋರಿಸಿದ್ನರಿ, ಸುಳ್ಳ ಯಾಕ ಹೇಳ್ಲಿ. ಅದರ ಮುಂದ ಕುಂತಾಂವ ಏಳಲೇ ಇಲ್ಲ. ಅನ್ನ ಬಿಟ್ಟ, ನೀರ ಬಿಟ್ಟ. ಇಪ್ಪತ್ತೊಂದ ದಿನಕ್ಕ ಹೋದ. ಆಮ್ಯಾಲ ತಿಳದವ್ರನ್ನ ಕರಿಸಿ, ಒಳಗಿಂದು ಒಳಗ ಇರಲೆಂತ ಕಟ್ಟಿಸೇನಿ. ಗಾಜ ಕಟಗಿಗೆ ಹತ್ಕೊಂಡ ಇರೂತನಾ ಅದು ಹೊರಗ ಬರಂಗಿಲ್ಲ.”

“ನನ್ನ ಕಡೆ ಸ್ಕ್ರೂಡ್ರೈವರ್ ಸುದ್ದಾ ಇಲ್ಲ ಬಿಡ್ರಿ,” ಎಂದು ಸುಶೀಲೇಂದ್ರ ಕ್ಯಾಮೆರಾ ಹೊರತೆಗೆದ. ಪಾಪ, ತನ್ನ ಕೆಲಸವೇ ಎಂಥದ್ದೆಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಹೊಟ್ಟೆಪಾಡಿಗೆ ಅವನು ವಿಜಯಪುರದ ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಲ್ಲಿ ಫ್ಲೆಕ್ಸ್ ಬ್ಯಾನರಿನ ಡಿಸೈನ್ ಮಾಡುತ್ತಿದ್ದ. ಮನೆಗೆ ಬಂದರೆ ಇನ್ನೊಂದು ಗೀಳು. ಮೂವತ್ತು ವರ್ಷ ಹಿಂದಿನ ವಿಡಿಯೋ ಗೇಮುಗಳನ್ನು ಈಗ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿ ಕಂಪ್ಯೂಟರಿನಲ್ಲಿ ಆಡುವವರಿದ್ದಾರಲ್ಲ, ಅವರಿಗೆ ಬರಿಯ ಆಟ ಸಾಲದು. ಆಟದ ಸುತ್ತಲೂ ಹಳೆಯ ಟೀವಿಯ ಚೌಕಟ್ಟಿನ ಚಿತ್ರವೂ ಬೇಕು. ಸುಶೀಲೇಂದ್ರ ಹಳೆಯ ಟೀವಿಗಳ ಫೋಟೋ ಹೊಡೆದು ಆ ಚೌಕಟ್ಟುಗಳನ್ನು ಮಾಡುತ್ತಿದ್ದ. ಅದಕ್ಕೆ ತಕ್ಕ ಶೇಡರನ್ನೂ ಬರೆಯುತ್ತಿದ್ದ. ಶೇಡರ್ ಎಂದರೆ ಚಿತ್ರಕ್ಕೆ ಹಳೆಯ ಪರದೆಯ ಗೆರೆ, ಉಬ್ಬು, ಮಂಜು ಕೊಡುವ ಪುಟ್ಟ ಪ್ರೋಗ್ರಾಮ್. ಆಟದ ಬೆಳಕು ಸುತ್ತಲಿನ ಮರದ ಮೇಲೆ ಬಿದ್ದಂತೆ ತೋರಿಸುವುದೂ ಅದೇ.

ಆದರೆ ಘೋಣಸಗಿಯ ತನಕ ಅವನು ಗೀಳಿಗಾಗಿ ಬಂದಿರಲಿಲ್ಲ, ತಾಯಿಗಾಗಿ ಬಂದಿದ್ದ. ಈ ಟೀವಿ ಒಂದು ಕಾಲಕ್ಕೆ ಅವರದೇ. ತಂದೆ ಬಬಲೇಶ್ವರದ ಸಾಲಿಯಲ್ಲಿ ಮಾಸ್ತರರಾಗಿದ್ದಾಗ ಕೊಂಡದ್ದು. ಬಣ್ಣದ ಟೀವಿ ಬಂದ ಮೇಲೆ ಅದೇ ಸಾಲಿಯ ಜವಾನ ಹಣಮಂತನ ಮನೆ ಸೇರಿತ್ತು. ಇದರ ಮುಂದೆ ಚಾಪೆ ಹಾಸಿ ಸುಶೀಲೇಂದ್ರನೂ ತಂಗಿ ವಂದನಾಳೂ ಎರಡು ಹಕ್ಕಿಗಳ ಆಟ ಆಡುತ್ತಿದ್ದರು. ಕಾಳು ಕಚ್ಚಿಕೊಂಡು ಮೊದಲು ಗೂಡು ಸೇರಿದ ಹಕ್ಕಿ ಗೆದ್ದಂತೆ. ತಂಗಿಯ ಹಕ್ಕಿಯ ಬಣ್ಣ ಹಸಿರೆಂಬುದೂ ಗೊತ್ತಿರಲಿಲ್ಲ, ಟೀವಿ ಕಪ್ಪು-ಬಿಳುಪಿನದು. ತಿಕೋಟಾದ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಅದೇ ವಂದನಾ ಮೂವತ್ತು ತುಂಬುವ ಮೊದಲೇ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಂದಿನಿಂದ ತಾಯಿ ಆನಂದೀಬಾಯಿ ಬಾಯಿ ಬಿಟ್ಟಿಲ್ಲ. ಎಂಟು ತಿಂಗಳು. ಕರೆದರೆ ತಲೆಯೆತ್ತುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ಮಾತು ಮಾತ್ರ ಇಲ್ಲ. ಆ ಆಟವನ್ನು ಆ ಟೀವಿಯಲ್ಲೇ ಮತ್ತೆ ಕಂಡರೆ ಅವ್ವ ಏನಾದರೂ ಅಂದಾಳು, ಒಂದೇ ಒಂದು ಮಾತು ಅಂದಾಳು ಎಂಬ ಆಸೆ ಅವನದು.

ಮುಂದಿನ ಭಾನುವಾರ ಬೆಳಿಗ್ಗೆ ಫೋಟೋ ತೆರೆದು ಕೆಲಸಕ್ಕೆ ಕೂತ. ಚೌಕಟ್ಟೆಂದರೆ ನಡುವೆ ತೂತಿರಬೇಕು. ಆಟ ಕಾಣುವುದು ಆ ತೂತಿನಲ್ಲಿ. ಗಾಜಿನ ಅಂಚಿನುದ್ದಕ್ಕೂ ಗೆರೆ ಎಳೆದ. ಮೇಣದ ಗಂಟುಗಳನ್ನು ಒಂದೊಂದಾಗಿ ಒರೆಸಿದ. ಗಾಜನ್ನು ಮರದಿಂದ ಕತ್ತರಿಸಿ ಅಳಿಸಿದ.

ಕೋಣೆಯಲ್ಲಿ ಒಮ್ಮೆಲೇ ಬೇವಿನೆಲೆಯ ಕಹಿ ವಾಸನೆ ಎದ್ದಿತು. ಕಿವಿ ಗುಂಯ್ ಎಂದವು. ಏನಿರಲಿಕ್ಕಿಲ್ಲ ಎಂದುಕೊಂಡು ಅವನು ಕಿಟಕಿ ತೆರೆದ.

ಮಧ್ಯಾಹ್ನ ಪಡಸಾಲೆಯ ಕಿಟಕಿ ಪರದೆಗಳನ್ನೆಲ್ಲ ಎಳೆದು ಕತ್ತಲೆ ಮಾಡಿ, ಅವ್ವನನ್ನು ಕರೆತಂದು ಕೂರಿಸಿ, ಗೋಡೆಯ ದೊಡ್ಡ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿದ. ಮರದ ಚೌಕಟ್ಟು ಮೂಡಿತು. ನಡುವೆ ಬೂದು ಬೆಳಕಿನಲ್ಲಿ ಎರಡು ಹಕ್ಕಿ. ಅವನು ಒಂದನ್ನು ಆಡಿಸತೊಡಗಿದ. ಇನ್ನೊಂದು ತಾನಾಗಿಯೇ ಹಾರಿತು. ಆಟ ಆಡಿಸುವ ಎರಡನೆಯ ರಿಮೋಟು ನೆಲದ ಮೇಲೆ ಬಿದ್ದಿತ್ತು, ಯಾರೂ ಮುಟ್ಟಿರಲಿಲ್ಲ. ಕಂಪ್ಯೂಟರೇ ಆಡುತ್ತಿರಬೇಕೆಂದು ಸುಶೀಲೇಂದ್ರ ಬಗೆದ. ಆ ಹಕ್ಕಿ ಕಾಳು ಕದ್ದು, ಬೇಕೆಂದೇ ಗೂಡಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ಅಣಕಿಸಿ ಒಳಹೊಕ್ಕಿತು. ಹಾಗೆ ಆಡುತ್ತಿದ್ದವಳು ಲೋಕದಲ್ಲಿ ಒಬ್ಬಳೇ.

“ವಂದೀ,” ಎಂದಳು ಆನಂದೀಬಾಯಿ. “ಅಣ್ಣಗ ಒಮ್ಮೆರೆ ಗೆಲ್ಲಲಿಕ್ಕೆ ಬಿಡs.”

ಎಂಟು ತಿಂಗಳ ಮೇಲೆ ಅವ್ವನ ದನಿ! ಸುಶೀಲೇಂದ್ರ ಅವಳ ತೊಡೆಯ ಮೇಲೆ ತಲೆಯಿಟ್ಟು ಹುಡುಗನಂತೆ ಅತ್ತ. ಅವಳ ಕೈ ಅವನ ತಲೆಗೆ ಬರಲಿಲ್ಲ. ಅವಳ ಕಣ್ಣು ಚೌಕಟ್ಟಿನ ಮೇಲಿತ್ತು. ಇರಲಿ, ಮಾತಾಡಿದಳಲ್ಲ ಎಂದುಕೊಂಡ.

ಅಂದಿನಿಂದ ಅವಳು ಅಲ್ಲಿಂದ ಏಳಲಿಲ್ಲ. ಮಾತಂತೂ ಮಾತು. ಹಪ್ಪಳದ ಹಿಟ್ಟಿನ ಮಾತು, ತಿಕೋಟಾ ಬಸ್ಸಿನ ಗದ್ದಲದ ಮಾತು, ಎಲ್ಲ ಚೌಕಟ್ಟಿನೊಡನೆ. ಮಗ ಕರೆದರೆ ಕೇಳಿಸದು. ಮೂರನೆಯ ದಿನ ಜೋಳದ ಭಕ್ರಿ ಬಿಟ್ಟಳು, ಐದನೆಯ ದಿನ ಹಾಲೂ ಬೇಡವಾಯಿತು. ಡಾಕ್ಟರು ಬಂದು ಸಲಾಯನ್ ಹಚ್ಚಿದರೆ ಸೂಜಿ ಕಿತ್ತೆಸೆದಳು. ಕೆನ್ನೆ ಒಳಗೆ ಹೋದವು, ಬಳೆ ಮೊಣಕೈಗೆ ಜಾರಿದವು. ಅವನು ಟೀವಿಯ ಪ್ಲಗ್ ಕಿತ್ತ. ಸತ್ತ ಪರದೆಯ ಮೇಲೂ ಮರದ ಅಂಚಿಗೆ ಬೂದು ಬೆಳಕು ಆಡುತ್ತಲೇ ಇತ್ತು. ಲ್ಯಾಪ್‌ಟಾಪಿನಿಂದ ಆ ಚಿತ್ರವನ್ನೇ ಅಳಿಸಿದ. ಬೆಳಗಾಗುವಷ್ಟರಲ್ಲಿ ಅದು ಇದ್ದಲ್ಲೇ ಇತ್ತು.

ಒಂಬತ್ತನೆಯ ದಿನ ಹೆಂಡತಿ ಅನುಜಾ ಅಡುಗೆಮನೆಯ ಬಾಗಿಲಲ್ಲಿ ಅವನ ತೋಳು ಹಿಡಿದಳು.

“ಅತ್ಯಾ ಮಾತಾಡಿದ್ರ ನನಗ ಹೆದರಿಕಿಲ್ರಿ. ಆದ್ರ ಇವತ್ತ ಅಲ್ಲಿಂದ ಉತ್ತರ ಬಂತು. ನಾ ಕೇಳೀನಿ.”

ಸುಶೀಲೇಂದ್ರ ಚಪ್ಪಲಿ ಮೆಟ್ಟಿದವನೇ ಘೋಣಸಗಿಗೆ ಗಾಡಿ ಹೊಡೆದ.

ನಾ ಹೇಳಿದ್ದೆ ಅಲ್ಲವೇ ಎಂದು ರೇಣವ್ವ ಅನ್ನಲಿಲ್ಲ. ಅವನು ಹೇಳಿದ್ದನ್ನು ಕೇಳಿದವಳೇ ಒಳಗೆ ಹೋಗಿ ಟೀವಿ ನೋಡಿ ಬಂದಳು.

“ಕಟ್ಟ ಇದ್ದಂಗ ಐತಿ. ಹೆಂಗ ಬ್ಯಾರೆ ಮಾಡಿದ್ರಿ?”

“ಫೋಟೋದಾಗ ಕತ್ತರಿಸೀನ್ರಿ. ನಮ್ಮ ಕೆಲಸs ಅದು,” ಎಂದ ಅವನು.

ರೇಣವ್ವ ಹೊಸ್ತಿಲ ಮೇಲೆ ಕೂತಳು. “ತಗದಾವ್ರs ಗಾಜ ತಿರಗಿ ಹಾಕಬೇಕ್ರಿ. ನಾಕೂ ಮೂಲಿ ಕೂಡಬೇಕು, ಕೂದಲೆಳಿಯಷ್ಟೂ ಸಂದಿ ಇರಬಾರದು. ಹಾಕೂ ಮುಂದ ಅದು ಹೆಸರ ಹಿಡದ ಕರೀತೈತಿ. ಓ ಅನ್ನಬ್ಯಾಡ್ರಿ. ಅಂದ್ರ ನಿಮ್ಮವ್ವನ ಜೋಡಿ ನೀವೂ ಅಲ್ಲೇ ಕುಂದರ್ತೀರಿ.”

“ಅದು ನಮ್ಮ ವಂದನಾ ಅಲ್ಲ, ಹೌದಲ್ರಿ?” ಅವನಿಗೆ ಅದೊಂದನ್ನು ಕೇಳಲೇಬೇಕಿತ್ತು. “ಬರೇ ಮಾಟ, ಹೌದಲ್ರಿ?”

ರೇಣವ್ವನ ಕಣ್ಣು ತುಂಬಿದವು. “ಕಟ್ಟ ಹಾಕೂ ಮುಂದ ನನ್ನ ವಿಶಾಖಾ ಯವ್ವಾ ಅಂದ್ಲು. ಅಕಿ ದನೀನ. ಹೌದೋ ಅಲ್ಲೋ, ಹತ್ತ ವರ್ಷಾತು, ಇನ್ನೂ ಗೊತ್ತಾಗಿಲ್ಲ. ಗೊತ್ತಾಗೂದೂ ಇಲ್ಲ. ಅದs ಮಾಟ, ಯಪ್ಪಾ.”

ಅವನು ಮನೆ ಮುಟ್ಟಿದಾಗ ಮೂರು ಗಂಟೆ. ಹೊರಗೆ ಬಿಸಿಲು ಸುಡುತ್ತಿತ್ತು, ಪಡಸಾಲೆಯೊಳಗೆ ತಣ್ಣನೆಯ ಕತ್ತಲೆ. ಬೇವಿನ ಕಹಿ ನಾಲಿಗೆಗೂ ಹತ್ತುತ್ತಿತ್ತು. ತಾಯಿ ಗೋಡೆಗೆ ಒರಗಿದ್ದಳು, ಒಂದು ಹಿಡಿಯಷ್ಟಾಗಿದ್ದಳು. ತುಟಿ ಮಾತ್ರ ಆಡುತ್ತಿದ್ದವು.

ಸುಶೀಲೇಂದ್ರ ಲ್ಯಾಪ್‌ಟಾಪ್ ತೆರೆದ. ಮೊದಲಿನ ಫೋಟೋದಿಂದ ಗಾಜನ್ನು ಮೇಣ, ದಾರದ ಸಮೇತ ಎತ್ತಿಕೊಂಡ. ಚೌಕಟ್ಟಿನ ಮೇಲಿಟ್ಟು ಮೂಲೆಗಳನ್ನು ಮೌಸಿನಿಂದ ಎಳೆಯತೊಡಗಿದ. ಹಕ್ಕಿಗಳು ನಿಂತವು.

“ಅಣ್ಣಾ.”

ಅವಳದೇ ದನಿ. ಜ್ವರ ಬರುವ ಮುಂಚಿನ ದನಿ. ಅವನು ಹಲ್ಲು ಕಚ್ಚಿದ. ಒಂದು ಮೂಲೆ ಕೂಡಿತು.

“ಅಣ್ಣಾ, ಏನ್ ಮಾಡ್ಲಿಕತ್ತೀ?”

ಎರಡನೆಯ ಮೂಲೆ. ಒಳಗಿನಿಂದ ಯಾರೋ ಬಡಿದರು. ಟಕ್. ಟಕ್. ಉಗುರಿನ ಸದ್ದು. ಆನಂದೀಬಾಯಿಗೆ ಎಲ್ಲಿಂದ ಬಲ ಬಂತೋ, ತೆವಳಿ ಬಂದು ಅವನ ಮಣಿಕಟ್ಟು ಹಿಡಿದಳು. “ಬ್ಯಾಡೋ! ಅಕಿ ಒಳಗ ಇದ್ದಾಳೋ!” ಎಲುಬಿನ ಬೆರಳು. ಬೆಂಕಿಯಂಥ ಬಿಸಿ. ಅವನು ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ಎಳೆದ. ಮೂರನೆಯ ಮೂಲೆ.

“ಅಣ್ಣಾ, ಉಸರ ಕಟ್ಟಲಿಕತ್ತದ. ಪೂರಾ ಹಾಕಬ್ಯಾಡ. ತುಸು ಸಂದಿ ಬಿಡು. ಅವ್ವನ್ನ ನೋಡ್ಲಿಕ್ಕೆ ಸಾಕು. ತುಸು ಬಿಡೋ.”

ತುಸು ಬಿಟ್ಟರೇನು? ಕೂದಲೆಳೆಯಷ್ಟು. ಯಾರಿಗೆ ಗೊತ್ತಾದೀತು? ಬೆರಳು ನಿಂತಿತು. ತಾಯಿಯ ಉಸಿರು ಕಿವಿಗೆ ತಾಕಿತು. ಇಷ್ಟು ದಿನದ ಹಸಿವಿನ ವಾಸನೆ. ಇನ್ನೆರಡು ದಿನ ಇರಲಾರಳು. ಅವನು ಕಣ್ಣು ಮುಚ್ಚಿದ. ಎಳೆದ. ನಾಲ್ಕನೆಯ ಮೂಲೆಯೂ ಕೂಡಿತು.

ಕೂಗು ನಡುವಿನಲ್ಲೇ ನಿಂತಿತು.

ಪರದೆ ಕಪ್ಪಗಾಯಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿ ಹೋದರು. ಆನಂದೀಬಾಯಿ ಮಗನ ಕೈ ಬಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು.

“ಅಕಿ ಕರದ್ಲು,” ಎಂದಳು. “ನಿನಗೂ ಕೇಳಿಸಿತ್ತು.”

ಅವನು ಹೌದೆಂದು ತಲೆಯಾಡಿಸಿದ.

ಸಂಜೆ ಅನುಜಾ ತಂದ ಗಂಜಿಯನ್ನು ತಾಯಿ ಕುಡಿದಳು. ವಾರದಲ್ಲಿ ಎದ್ದು ಓಡಾಡಿದಳು. ಈಗಂತೂ ಸೊಪ್ಪಿನವಳೊಡನೆ ಚೌಕಾಸಿ ಮಾಡುತ್ತಾಳೆ, ಪಕ್ಕದ ಮನೆಯವರನ್ನು ಕರೆದು ಕೂರಿಸಿ ಚಹಾ ಕೊಟ್ಟು ಹರಟುತ್ತಾಳೆ, ಸೊಸೆಗೆ ಗದರುತ್ತಾಳೆ, ನಗುತ್ತಾಳೆ ಕೂಡ. ಆನಂದೀಬಾಯಿ ಮೊದಲಿನಂತಾದಳು ಎಂದು ಓಣಿಯವರಿಗೆಲ್ಲ ಸಂತೋಷ. ಸುಶೀಲೇಂದ್ರ ಚೌಕಟ್ಟು ಮಾಡುವುದನ್ನು ಬಿಟ್ಟಿದ್ದಾನೆ. ಒಳಗಿದ್ದವಳು ತಂಗಿಯೋ ಅಲ್ಲವೋ ಎಂದು ಬ್ಯಾನರಿನ ಮೇಲೆ ಅಕ್ಷರ ಕೂರಿಸುತ್ತಿರುವಾಗಲೂ ಯೋಚಿಸುತ್ತಾನೆ. ಒಂದು ದಿನ ಹೌದೆನಿಸುತ್ತದೆ, ಮರುದಿನ ಅಲ್ಲವೆನಿಸುತ್ತದೆ.

ನಿನ್ನೆ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅವನ ತಾಟು ಬರಿದಾಗಿತ್ತು. ಭಕ್ರಿಯ ಬುಟ್ಟಿ ತಾಯಿಯ ಮೊಣಕಾಲಿಗೆ ತಾಗಿ ಇತ್ತು.

“ಅನುಜಾ,” ಎಂದಳು ಆನಂದೀಬಾಯಿ, “ಅವಗ ಇನ್ನೊಂದ ಭಕ್ರಿ ಬೇಕೇನು, ಕೇಳು.”

“ಅವ್ವಾ, ಅವತ್ತಿನಿಂದ ನನ್ನ ಜೋಡಿ ಒಂದ ಮಾತಿಲ್ಲ. ನೀನs ಕೇಳಬಾರದೇನ?” ಎಂದ ಸುಶೀಲೇಂದ್ರ.

ತಾಯಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು. “ಏನಂತಾನ? ಬೇಕಂತೇನು?”

ಅನುಜಾ ಗಂಡನ ಕಡೆ ನೋಡಿದಳು. ಅವನು ಬರಿದಾದ ತಾಟನ್ನು ಹಿಂದಕ್ಕೆ ಸರಿಸಿದ.

“ಬ್ಯಾಡಂತ್ರಿ, ಅತ್ಯಾ.”