ಶುಕ್ರವಾರ ಮಾತ್ರ ಕೆಡುವ ಲ್ಯಾಪ್‌ಟಾಪ್

"ಟೀಚರೇ, ನಮ್ಮ ಮಾವನೇ ಕಳ್ಳ. ಇವತ್ತು ನೀವು ಹಿಡಿದು ಕೊಡ್ಲೇಬೇಕು," ಎನ್ನುತ್ತಾ ಒಳಗೆ ಬಂದ ವೀಣಾ, ಕೈಲಿದ್ದ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟಳು.

ಕುಶಾಲನಗರದಲ್ಲಿ ಯಮುನ ಟೀಚರ್ ಮನೆಗೆ ಇಂಥ ದೂರುಗಳು ಹೊಸವಲ್ಲ. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಅವರು, ಕಳೆದುಹೋದ ಕೋಳಿಯಿಂದ ಹಿಡಿದು ಮುರಿದುಬಿದ್ದ ನಿಶ್ಚಿತಾರ್ಥದವರೆಗೆ ಊರಿನ ಎಷ್ಟೋ ಗುಟ್ಟುಗಳನ್ನು ಬಿಡಿಸಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಬಂದವರಿಗೆ ಕಾಫಿ ಕೊಡುತ್ತಿದ್ದೆ, ಟೀಚರ್ ಹೋದಲ್ಲಿಗೆ ಹೋಗುತ್ತಿದ್ದೆ. ಹೆಚ್ಚು ಮಾತನಾಡಬೇಕಿರಲಿಲ್ಲ. ಅದು ಹಿಡಿಸಿತ್ತು.

"ಕದ್ದಿದ್ದೇನು?" ಟೀಚರ್ ಕೇಳಿದರು.

"ವೈಫೈ."

ಶಿರಂಗಾಲದ ಶುಂಠಿ ಬೆಳೆಗಾರರ ಮನೆಯ ಸೊಸೆ ವೀಣಾ. ಮೈಸೂರಿನ ಒಂದು ಸಂಸ್ಥೆಗೆ ಮನೆಯಿಂದಲೇ ಮಕ್ಕಳಿಗೆ ಗಣಿತ ಕಲಿಸುವವರು ಬೇಕಿದ್ದರು. ಶುಕ್ರವಾರಗಳಂದು ಮಧ್ಯಾಹ್ನ ಮೂರಕ್ಕೆ ಸಂದರ್ಶನ. ಪಾಠ ಮಾಡಿ ತೋರಿಸುವ ಬೋರ್ಡ್ ಫೋನಿನಲ್ಲಿ ತೆರೆಯುವುದಿಲ್ಲ. ಹಳೆಯ ಲ್ಯಾಪ್‌ಟಾಪೇ ಗತಿ. ಎರಡು ಶುಕ್ರವಾರ ಅದು ಕೈಕೊಟ್ಟಿತ್ತು. ಇವತ್ತು ಕೊನೆಯ ಅವಕಾಶ.

"ಬೆಳಗ್ಗೆ ನೋಡ್ತೀನಿ, ಮತ್ತೆ ಸತ್ತೋಗಿದೆ! ಶನಿವಾರ ಪ್ರಜ್ಞೇಶನ ರಿಪೇರಿ ಅಂಗಡಿಗೆ ತಗೊಂಡೋದ್ರೆ ಸರಿ ಇರುತ್ತೆ. 'ಅಕ್ಕ, ನಿಮ್ಮನೆ ವೈಫೈನೇ ಸರಿ ಇಲ್ಲ' ಅಂತಾನೆ. ವೈಫೈನೋರು ಬಂದು 'ಲ್ಯಾಪ್‌ಟಾಪೇ ಸರಿ ಇಲ್ಲ' ಅಂತಾರೆ. ಫೋನೆಲ್ಲ ಚೆನ್ನಾಗೇ ನಡೀತವೆ."

"ಕೆಟ್ಟಾಗ ಸಿಗ್ನಲ್ ಕಮ್ಮಿ ತೋರ್ಸುತ್ತಾ?"

"ಏನೂ ತೋರ್ಸಲ್ಲ. ನಮ್ದೂ ಇಲ್ಲ, ಪಕ್ಕದ ಮನೇದೂ ಇಲ್ಲ."

"ಮಾವನ ಮೇಲೆ ಯಾಕೆ ಅನುಮಾನ?"

"ಸೊಸೆ ದುಡಿಯೋದು ಬ್ಯಾಡ ಅಂದಿದ್ದೋರು ಅವ್ರೇ. ಇವತ್ತು ನನ್ನ ರೂಮಿಂದ ಏನೋ ಅಂಗಿಯೊಳಗೆ ಮುಚ್ಕೊಂಡು ಹೋಗಿದ್ದು ಕಣ್ಣಾರೆ ನೋಡ್ದೆ. ಇವತ್ತೂ ತಪ್ಪಿದ್ರೆ ತೌರಿಗೆ ಹೋಗ್ತೀನಿ ಟೀಚರೇ. ವಾಪಸ್ ಬರಲ್ಲ."

ಬಿಗಿಯಾದ ಚೀಲದಿಂದ ಲ್ಯಾಪ್‌ಟಾಪನ್ನು ಟೀಚರ್ ಅಡ್ಡವಾಗಿ ಎಳೆದು ತೆಗೆದರು. ಆನ್ ಮಾಡಿದರು. ನಮ್ಮ ಬೀದಿಯ ವೈಫೈ ಹೆಸರುಗಳೆಲ್ಲ ಸಾಲಾಗಿ ಬಂದು ನಿಂತವು.

"ನೋಡಿದ್ರಾ ಇದರ ಬುದ್ಧಿ!" ವೀಣಾ ಅಳುವಂತಾದಳು.

ಟೀಚರ್ ಅದರ ಮುಂದಿನ ಅಂಚನ್ನು ಕನ್ನಡಕ ಏರಿಸಿ ನೋಡಿದರು. ಚೀಲವನ್ನು ಒಳಮೈ ಹೊರಗೆ ಮಾಡಿದರು. ಬಟ್ಟೆಯ ಮೇಲೆ ಕೆಂಪು ಗೀಟು.

"ಕುಂಕುಮ," ಎಂದೆ ನಾನು.

"ಅತ್ತೆ ಎಲ್ಲದಕ್ಕೂ ಇಡ್ತಾರೆ," ಎಂದಳು ವೀಣಾ. "ನಮ್ಮನೆ ಫ್ರಿಜ್ಜು ದಿನಾ ಮದುವಣಗಿತ್ತಿ."

ಟೀಚರ್ ಚಪ್ಪಲಿ ಮೆಟ್ಟಿದರು.

ಶಿರಂಗಾಲದ ಮನೆಯಲ್ಲಿ ಅವರು ಮೊದಲು ಹೋದದ್ದು ವೀಣಾಳ ಕೋಣೆಗಲ್ಲ, ಅದರ ಕಿಟಕಿಯ ಹೊರಗೆ. ಅಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು. ಅದನ್ನು ನೋಡಿ ಅವರು ನಕ್ಕರು.

ಊಟವಾದ ಮೇಲೆ ಎಲ್ಲರನ್ನೂ ಕೋಣೆಗೆ ಕರೆದರು. ಮಾವ ಸಣ್ಣಸ್ವಾಮಿ ಬಾಗಿಲಿಗೊರಗಿ ನಿಂತರು. ಲ್ಯಾಪ್‌ಟಾಪ್ ಚೀಲದಿಂದ ಹೊರಬಂದಿತು, ವೈಫೈ ಸಿಕ್ಕಿತು.

"ಚಲುವಮ್ಮನೋರೇ, ಬೆಳಗ್ಗೆ ಇದಕ್ಕೆ ಏನು ಮಾಡಿದ್ರೋ ಹಾಗೇ ಇನ್ನೊಂದ್ಸಲ ಮಾಡಿ."

"ಅತ್ತೆ ಯಾಕೆ ಟೀಚರೇ?" ಎಂದಳು ವೀಣಾ.

ಚಲುವಮ್ಮ ಸಂಕೋಚದಿಂದಲೇ ಒದ್ದೆಬಟ್ಟೆ ತಂದರು. ಶುಕ್ರವಾರ ಹೊಸ್ತಿಲು ಒರೆಸುವಂತೆ ಲ್ಯಾಪ್‌ಟಾಪಿನ ಮುಂದಿನ ಅಂಚನ್ನು ಒಂದೇ ಎಳೆತಕ್ಕೆ ಒರೆಸಿದರು. ನಡುವೆ ಒಂದು ಬೊಟ್ಟು ಕುಂಕುಮ, ಮೇಲೊಂದು ಹೂವು, ಎದುರಿಗೆ ಒಂದು ಬಾಳೆಹಣ್ಣು. ಕೈಮುಗಿದರು.

ಪರದೆಯ ಮೇಲಿದ್ದ ವೈಫೈ ಹೆಸರುಗಳೆಲ್ಲ ಮಾಯವಾಗಿದ್ದವು.

"ಅಯ್ಯೋ! ಮೂರಕ್ಕೆ ಸಂದರ್ಶನ ಟೀಚರೇ!" ವೀಣಾ ಚೀರಿದಳು.

"ಇರು. ಯಾವ ವೈಫೈಯೂ ಕಾಣದಿದ್ರೆ ಸಿಗ್ನಲ್ಲಿನ ತಪ್ಪಲ್ಲ, ಹಿಡಿಯೋ ಯಂತ್ರವೇ ಆಫ್ ಆಗಿದೆ ಅಂತ ಅರ್ಥ. ಹಳೇ ಲ್ಯಾಪ್‌ಟಾಪಲ್ಲಿ ಅದಕ್ಕೊಂದು ಪುಟ್ಟ ಸ್ವಿಚ್ ಇರುತ್ತೆ. ಇಲ್ಲಿ, ಈ ಅಂಚಿನಲ್ಲಿ. ಸವೆದು ಸಡಿಲ ಆಗಿದೆ. ಒರೆಸಿದ್ರೆ ಜಾರುತ್ತೆ. ಚೀಲದಿಂದ ಎಳೆದಾಗ ಬಟ್ಟೆ ಉಜ್ಜಿ ಮತ್ತೆ ಆನ್ ಆಗುತ್ತೆ. ಅದಕ್ಕೇ ಪ್ರಜ್ಞೇಶನ ಅಂಗಡೀಲಿ ಸರಿ, ನನ್ನ ಮನೇಲೂ ಸರಿ."

"ಪಕ್ಕದಲ್ಲಿ ದೀಪ ಇರಬೇಕಲ್ವಾ?" ಎಂದೆ.

"ಇದೆ. ಆನ್ ಇದ್ರೆ ನೀಲಿ, ಆಫ್ ಆದ್ರೆ ಕೆಂಪು. ಸರಿಯಾಗಿ ಅದರ ಮೇಲೇ ಬೊಟ್ಟು ಬಿದ್ದಿದೆ!"

"ಅದ್ರ ಕಣ್ಣು ಅಂದ್ಕಂಡೆ," ಎಂದರು ಚಲುವಮ್ಮ, ಸೆರಗು ಬಾಯಿಗಿಟ್ಟುಕೊಂಡು. "ಮಗಾ, ನಿಂಗೆ ಕೆಲ್ಸ ಸಿಗ್ಲಿ ಅಂತ ಕಣವ್ವ ನಾ ಪೂಜೆ ಮಾಡಿದ್ದು."

ವೀಣಾ ತಲೆ ತಗ್ಗಿಸಿದಳು. "ಹಂಗಾದ್ರೆ ಮಾವ ಮುಚ್ಕೊಂಡು ಹೋಗಿದ್ದು?"

"ಕಿಟಕಿ ಕೆಳಗೆ ಸಿಪ್ಪೆ ಇದೆ," ಎಂದರು ಟೀಚರ್. "ಹಣ್ಣು ಈ ಕೋಣೆಗೆ ಬಂತಂದ್ರೆ ಇಲ್ಲಿ ಪೂಜೆ ಆಗಿದೆ. ನನಗೆ ದಾರಿ ತೋರಿಸಿದ್ದೇ ಆ ಸಿಪ್ಪೆ. ಸಣ್ಣಸ್ವಾಮಿಯೋರೇ, ಶುಗರ್ ಎಷ್ಟಿದೆ?"

ಚಲುವಮ್ಮ ಗಂಡನ ಕಡೆ ತಿರುಗಿದರು. "ದೇವ್ರಿಗಿಟ್ಟ ಹಣ್ಣಾ? ಇಲಿ ತಿಂತು ಅಂದ್ಕಂಡಿದ್ದೆ!"

"ಪ್ರಸಾದ ಕಣೇ," ಎಂದರು ಸಣ್ಣಸ್ವಾಮಿ. ಆಮೇಲೆ ಸೊಸೆಗೆ, "ಬ್ಯಾಡ ಅಂದಿದ್ದು ಹೋದ್ವರ್ಸದ ಮಾತು ಕಣವ್ವ. ಮನೇಲೇ ಕುಂತು ಪಾಠ ಮಾಡ್ತೀಯ ಅಂದ್ರೆ ಯಾರ್ ಬ್ಯಾಡ ಅಂತಾರೆ?"

ವೀಣಾ ಉಗುರಿನಿಂದ ಸ್ವಿಚ್ ತಳ್ಳಿದಳು. ಬೊಟ್ಟು ಒರೆಸಿದಳು. ನೀಲಿ ದೀಪ ಕಂಡಿತು.

ಮೂರಕ್ಕೆ ಬಾಗಿಲು ಮುಚ್ಚಿತು. ಸಣ್ಣಸ್ವಾಮಿ ಕೋಲು ಹಿಡಿದು ಓಣಿಯಲ್ಲಿ ನಿಂತು ಪಕ್ಕದ ಮನೆಯವರ ಟಿಲ್ಲರನ್ನು ತಡೆದರು. "ಒಳ್ಗೆ ನನ್ ಸೊಸೆ ಪಾಠ ಮಾಡ್ತಾವ್ಳೆ, ಆಫ್ ಮಾಡ್ರಲಾ!" ಎಂಬ ಅವರ ಕೂಗು ಮೈಸೂರಿಗೂ ಕೇಳಿಸಿರಬೇಕು.

ವೀಣಾ ಓಡುತ್ತಲೇ ಹೊರಬಂದಳು. "ಸೋಮವಾರದಿಂದ್ಲೇ ಕ್ಲಾಸ್ ತಗೊಳ್ಳಿ ಅಂದ್ರು!" ಎಂದು ಮೊದಲು ಮಾವನ ಕಾಲಿಗೆ ಬಿದ್ದಳು. ಅವರು ಕೋಲು ಎಲ್ಲಿಡುವುದೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು.

ಚಲುವಮ್ಮ ಕುಂಕುಮದ ಬಟ್ಟಲು ತಂದರು. ಸೊಸೆಗೆ ಇಟ್ಟರು, ಟೀಚರಿಗೆ ಇಟ್ಟರು. ಕೋಲು ಹಿಡಿದಿದ್ದ ನಾನು ಅಭ್ಯಾಸದಂತೆ ಹಿಂದೆ ಸರಿದೆ.

"ಎಲ್ಲಿಗೋಯ್ತೀಯಾ? ಆ ಡಬ್ಬಕ್ಕೇ ಇಟ್ಟೋಳು ನಾನು, ನಿಂಗಿಡಾಕಿಲ್ವಾ?" ಎಂದು ಅವರು ನನ್ನ ಗಲ್ಲ ಹಿಡಿದರು.

"ನೋಡ್ಕೊಂಡು ಇಡಿ," ಎಂದರು ಟೀಚರ್, "ಇವಳಿಗೂ ಎಲ್ಲೋ ಒಂದು ಸ್ವಿಚ್ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಗಾಳಿಗೆ ಕುಂಕುಮ ಉದುರಿ ಮೂಗಿನ ಮೇಲೆ ಬೀಳುತ್ತಿತ್ತು. ಕುಶಾಲನಗರದವರೆಗೂ ಒರೆಸಿಕೊಳ್ಳಲಿಲ್ಲ.