ಮೂರನೆಯ ಕಂಬದ ಬಾಟಲಿ

ಸೈಪಿನ್ ಎರಡನೆಯ ಕಂಬದ ಬಾಟಲಿಗೆ ಆಲಿಕೆ ಇಟ್ಟು ವಿನೆಗರ್ ಸುರಿಯುತ್ತಿದ್ದಳು. ಬೆಳಗಿನ ಗಾಳಿಗೆ ಅದರ ಘಾಟು ಮೂಗಿಗೇ ಹೊಡೆದು ಕಣ್ಣಲ್ಲಿ ನೀರು ತರಿಸುತ್ತಿತ್ತು. ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ತಲೆಯೆತ್ತಿ ನೋಡುತ್ತಾಳೆ... ಮೂರನೆಯ ಕಂಬದ ಹತ್ತಿರ ಯಾರೋ ಗಂಡಸು ಬಾಟಲಿಯನ್ನು ಬೋರಲು ಹಿಡಿದು ಮರಳಿಗೆ ಸುರಿಯುತ್ತಿದ್ದಾನೆ.

"ಏಯ್, ಏನ್ ಮಾಡ್ತಿದ್ದೀರಿ? ಅದು ಕಾಲು ತೊಳ್ಕೊಳ್ಳೋಕೆ ಇಟ್ಟಿದ್ದಲ್ಲ."

"ಗೊತ್ತು."

"ಗೊತ್ತಿದ್ದೂ ಚೆಲ್ತಿದ್ದೀರಲ್ಲ. ಲೋಳೆಮೀನು ಯಾರಿಗಾದ್ರೂ ಕುಟುಕಿದ್ರೆ ನಿಮ್ಮಪ್ಪ ಬಂದು ಸುರೀತಾನಾ?"

"ಅಪ್ಪ ಹೋಗಿ ಬಹಳ ದಿನ ಆಯ್ತು. ಇದ್ದಿದ್ರೆ ಬರ್ತಿದ್ದ, ಒಳ್ಳೇ ಮನುಷ್ಯ." ಅವನು ಬಾಟಲಿಯ ಕೊನೆಯ ಹನಿಯನ್ನೂ ಒದರಿದ. "ಇದ್ರಲ್ಲಿ ಇದ್ದದ್ದು ನೀರು. ಮೂಸಿ ನೋಡಿ."

ಸೈಪಿನ್ ಮೂಸಿದಳು. ಅವಳ ಮೂಗು, ಕೈ, ಅಂಗಿ ಎಲ್ಲ ಆಗಲೇ ವಿನೆಗರ್‌ಮಯವಾಗಿದ್ದವು. ಏನು ತಿಳಿದೀತು? ಚೆಲ್ಲಿದ್ದನ್ನು ಮರಳು ಕುಡಿದುಬಿಟ್ಟಿತ್ತು.

'ನಾನೇ ತುಂಬಿಸಿದ್ದು ನೀರು ಹೇಗಾಗುತ್ತೆ? ಸುಳ್ಳ...' ಎಂದುಕೊಂಡಳು. ಆದರೂ ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಅವನು ಕಮ್ರೋನ್. ಹಿಂದಿನ ದಿನದ ಲಾಂಚಿನಲ್ಲಿ ಆಚೆ ದಡದಿಂದ ಬಂದಿಳಿದ ಹೊಸ ಜೀವರಕ್ಷಕ.

ಕೊ ನುವಾನ್ ದ್ವೀಪದ ಆ ಕಡಲತೀರದಲ್ಲಿ ಪ್ರವಾಸಿಗರು ಇರುವೆ ಸಾಲಿನ ಹಾಗೆ ಬರುತ್ತಿದ್ದರು. ಅವರು ಬಿಸಾಡಿದ್ದನ್ನು ಆರಿಸುವುದು, ಅಲೆ ಎಸೆದ ಕಸ ಗೋರುವುದು, ಗಾಳಿ ನೋಡಿ ಬಾವುಟ ಏರಿಸುವುದು, ವಿಷದ ಲೋಳೆಮೀನು, ಅಂದರೆ ಜೆಲ್ಲಿಫಿಶ್, ಕುಟುಕಿದವರಿಗೆಂದು ಕಂಬಕಂಬಕ್ಕೂ ಕಟ್ಟಿದ ಬಾಟಲಿಗಳಿಗೆ ವಿನೆಗರ್ ತುಂಬುವುದು ಸೈಪಿನ್‌ಳ ಕೆಲಸ. ಊರಿನ ಕಚೇರಿ ಅವಳನ್ನು ಅದಕ್ಕೇ ಇಟ್ಟುಕೊಂಡಿತ್ತು. ಬಾಟಲಿಗಳನ್ನು ದಿನಾ ಬೆಳಿಗ್ಗೆ ಮೂಸಿ ನೋಡುವುದು, ನೀರಿಗಿಳಿದವರನ್ನು ಕಾಯುವುದು ಕಮ್ರೋನ್‌ನ ಕೆಲಸ. ಒಂದೇ ಮರಳಿನ ಮೇಲೆ ಇಬ್ಬರು ನಡೆಯತೊಡಗಿದರೆ ಹೆಜ್ಜೆ ಎಷ್ಟು ದಿನ ಬೇರೆಬೇರೆ ಇದ್ದಾವು?

ಮಧ್ಯಾಹ್ನ ಅವನು ಊಟಕ್ಕೆ ಬರುತ್ತಿದ್ದುದೂ ಸೈಪಿನ್‌ಳ ತಾಯಿಯ ಅಂಗಡಿಗೇ. ಬಾದಾಮಿ ಮರದ ಕೆಳಗೆ ನೂಡಲ್ ಮಾರುವ ಬುವಾ ಊರಿಗೆಲ್ಲ ದೊಡ್ಡಮ್ಮ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು 'ಪಾ ಬುವಾ' ಎಂದೇ ಕರೆಯುತ್ತಿದ್ದರು.

"ನಿನ್ನ ಲೈಫ್‌ಗಾರ್ಡಿಗೆ ಈಜೋಕೆ ಬರುತ್ತಾ, ಇಲ್ಲ ತಿನ್ನೋಕ್ ಮಾತ್ರನಾ?" ಅವನೆದುರೇ ಕೇಳುವಳು ತಾಯಿ.

"ಅಮ್ಮಾ... ನನ್ನ ಲೈಫ್‌ಗಾರ್ಡ್ ಏನಲ್ಲ."

"ಹೌದು ಪಾ, ಇನ್ನೂ ಅಲ್ಲ," ಎನ್ನುವನು ಅವನು ಬಟ್ಟಲಿನಿಂದ ತಲೆಯೆತ್ತದೆ.

ಆ 'ಇನ್ನೂ' ಎಂಬ ಮಾತು ಸೈಪಿನ್‌ಳ ಎದೆಯಲ್ಲಿ ಇಡೀ ದಿನ ಕುಳಿತಿರುತ್ತಿತ್ತು.

ಒಂದು ಸಂಜೆ ಬಾವುಟ ಇಳಿಸುತ್ತಿದ್ದಾಗ ಅವನು ಕೇಳಿದ. "ಪಿನ್, ಇಲ್ಲಿ ಬಾಡಿಗೆಗೆ ಮನೆ ಸಿಗುತ್ತಾ? ಚಿಕ್ಕದಾದ್ರೂ ಸಾಕು. ಇಬ್ರಿಗೆ."

"ಇಬ್ರು ಯಾರು ಪೀ ಕಮ್ರೋನ್?" ತನಗಿಂತ ಹಿರಿಯನಾದ ಅವನನ್ನು ಅವಳು 'ಪೀ' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದಳು.

"ಒಬ್ಬ ನಾನು."

"ಇನ್ನೊಬ್ರು?"

ಅವನು ಹಗ್ಗಕ್ಕೆ ಗಂಟು ಹಾಕುತ್ತ ನಿಂತ. ಅವಳು ಮತ್ತೆ ಕೇಳಲಿಲ್ಲ. ಕೇಳದೆಯೇ ಗೊತ್ತಾಗುವ ಸುಖವೇ ಬೇರೆ ನೋಡಿ...

ಆ ಸುಖಕ್ಕೆ ಆಯುಷ್ಯ ಕಡಿಮೆ ಇತ್ತು.

ಕಡಲು ಕೆರಳಿ ಕೆಲವು ದಿನ ಸಾಮಾನಿನ ಲಾಂಚು ಬರಲಿಲ್ಲ. ಅಲೆ ಇಳಿದ ಮೊದಲ ದಿನವೇ, ಅಲ್ಲೇ ಸಿಕ್ಕಿಕೊಂಡಿದ್ದ ಪ್ರವಾಸಿಗರೆಲ್ಲ ನೀರಿಗೆ ಬಿದ್ದರು. ಮಧ್ಯಾಹ್ನ ಒಂದು ಕಿರುಚಾಟ ಕೇಳಿ ಸೈಪಿನ್ ಕಸದ ಚೀಲ ಎಸೆದು ಓಡಿದಳು. ಬ್ಯಾಂಕಾಕಿನಿಂದ ಬಂದಿದ್ದ ಕುಟುಂಬದ ಪುಟ್ಟ ಹುಡುಗಿ. ತೊಡೆಯಿಂದ ಪಾದದವರೆಗೆ ಕೆಂಡದ ಹಗ್ಗ ಸುತ್ತಿದ ಹಾಗೆ ಬರೆಗಳು.

ಮೂರನೆಯ ಕಂಬ ಹತ್ತಿರವೇ ಇತ್ತು. ಸೈಪಿನ್ ಬಾಟಲಿ ಕಿತ್ತು ತಂದು ಸುರಿದಳು.

ಮಗುವಿನ ಕೂಗು ತಗ್ಗಲಿಲ್ಲ. ಮುಗಿಲಿಗೇರಿತು. ಬರೆಗಳು ಕಣ್ಣೆದುರೇ ಉಬ್ಬಿದವು. ಇನ್ನಷ್ಟು ಸುರಿದಳು... ಇನ್ನಷ್ಟು ಕೂಗಿತು ಮಗು.

ನೀರಿನಿಂದ ಓಡಿಬಂದ ಕಮ್ರೋನ್ ಅವಳ ಕೈಯಿಂದ ಬಾಟಲಿ ಕಸಿದು ಮೂಸಿದ. "ನೀರು. ಸಾಕು ನಿಲ್ಸು ಪಿನ್, ಸಿಹಿನೀರು ಬಿದ್ರೆ ವಿಷ ಹೆಚ್ಚಾಗುತ್ತೆ." ಎರಡನೆಯ ಕಂಬಕ್ಕೆ ಓಡಿದ, ತಂದ, ಸುರಿದ. ಅಷ್ಟರಲ್ಲಿ ಮಗು ಕೂಗುವುದನ್ನೂ ಉಸಿರಾಡುವುದನ್ನೂ ನಿಲ್ಲಿಸಿತ್ತು. ಅವನು ಆ ಪುಟ್ಟ ಎದೆಯ ಮೇಲೆ ಅಂಗೈ ಇಟ್ಟು ಒತ್ತುತ್ತಲೇ ಇದ್ದ. ಸೈಪಿನ್ ಮಂಡಿಯೂರಿ ಕುಳಿತೇ ಇದ್ದಳು. ಅವಳ ಕೈಯಿಂದ ಏನೂ ಆಗುವ ಹಾಗಿರಲಿಲ್ಲ.

ಮಗು ಉಸಿರಾಡಿತು. ವೇಗದ ದೋಣಿಯಲ್ಲಿ ಆಚೆ ದಡದ ಆಸ್ಪತ್ರೆಗೆ ಹೋಯಿತು. ಬದುಕಿತು ಎಂಬ ಸುದ್ದಿ ಬಂದಾಗ ಊರೆಲ್ಲ ನಿಟ್ಟುಸಿರಿಟ್ಟಿತು. ಆದರೆ ಕಾಲಿನ ಕಲೆ ಹೋಗುವುದಿಲ್ಲವಂತೆ ಎಂಬ ಮಾತೂ ಅದರ ಹಿಂದೆಯೇ ಬಂತು.

ಮಗುವಿನ ತಂದೆ ಜಿಲ್ಲಾ ಕಚೇರಿಗೆ ದೂರು ಕೊಟ್ಟ. ಊರ ಮುಖ್ಯಸ್ಥ ಸೊಂಗ್‌ವುತ್ ಎಲ್ಲರನ್ನೂ ಕರೆಸಿದ.

"ತುಂಬಿದವಳು ನೀನು. ತುಂಬಿದ್ದು ಏನು?"

"ವಿನೆಗರ್, ಮುಖ್ಯಸ್ಥರೇ. ಆಣೆ ಮಾಡಿ ಹೇಳ್ತೀನಿ."

"ನೋಡ್ಬೇಕಾದವನು ಇವನು. ನೋಡಿದ್ಯೇನಯ್ಯಾ?"

"ಬೆಳಿಗ್ಗೆ ನೋಡಿದ್ದೆ. ಆಗ ಸರಿ ಇತ್ತು," ಎಂದ ಕಮ್ರೋನ್.

"ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನಕ್ಕೆ ನೀರಾಯ್ತಾ? ಏನು ಮಂತ್ರ ಹಾಕಿದ್ರಾ? ಈ ಬಾಟಲಿಗಳಿಗೆ ಯಾರಾದ್ರೂ ಕೈ ಹಾಕಿದ್ದು ನೋಡಿದ್ಯಾ ಸೈಪಿನ್? ನಿಜ ಹೇಳು."

ಅವಳ ಕಿವಿಯಲ್ಲಿ ಇನ್ನೂ ಆ ಮಗುವಿನ ಕೂಗು. ನಿಜ ಹೇಳು ಎಂದರು. ಹೇಳಿದಳು. "ಇವರು ಬಂದ ಮೊದಲ್ನೇ ದಿನ... ಮೂರನೇ ಕಂಬದ ಬಾಟಲಿ ಚೆಲ್ತಾ ಇದ್ರು. ನೀರು ಅಂದ್ರು. ನಂಗೆ ಗೊತ್ತಾಗ್ಲಿಲ್ಲ."

ಕಮ್ರೋನ್ ಅವಳನ್ನೇ ನೋಡಿದ. 'ಏನಾದ್ರೂ ಹೇಳಿ ಪೀ, ನನ್ನ ಬೈದಾದ್ರೂ ಬಿಡಿ...' ಅವಳ ಜೀವ ಒಳಗೇ ಮೊರೆಯಿಟ್ಟಿತು. ಅವನು ತಲೆ ಬಗ್ಗಿಸಿದ. ತಪ್ಪಿತಸ್ಥ ತಲೆ ಬಗ್ಗಿಸುತ್ತಾನೆ ಎಂದು ಊರು ತಿಳಿಯಿತು. ಅವಳೂ ಹಾಗೇ ತಿಳಿದಳು.

ಮರುದಿನದ ಲಾಂಚಿಗೆ ಅವನನ್ನು ಕಳಿಸಿಬಿಟ್ಟರು. ಅವಳು ಕಸ ಗೋರುತ್ತಲೇ ಇದ್ದಳು, ತಲೆಯೆತ್ತಲಿಲ್ಲ.

ಆಮೇಲೆ ಮುಖ್ಯಸ್ಥ ಇನ್ನೊಂದು ಉಪಾಯ ಹೂಡಿದ. "ಕಂಬ ಇದ್ರೆ ತಾನೇ ಬಾಟಲಿ, ಬಾಟಲಿ ಇದ್ರೆ ತಾನೇ ದೂರು? ಅದನ್ನ ನೋಡಿ ಬಂದವರೂ ಹೆದರ್ತಾರೆ ಅಂತ ಹೋಟೆಲಿನವರ ಗೋಳು ಬೇರೆ. ಕಿತ್ತು ಹಾಕು."

"ಲೋಳೆಮೀನು ಮತ್ತೆ ಬರುತ್ತೆ, ಮುಖ್ಯಸ್ಥರೇ."

"ಬಂದ್ರೆ ಅದು ಸಮುದ್ರದ ತಪ್ಪು. ನಮ್ಮದಲ್ಲ."

ಕಂಬಗಳನ್ನು ಕೀಳುವುದೂ ತೀರದ ನಿರ್ವಹಣೆಯೇ ಅಲ್ಲವೇ? ಸಂಬಳ ತಿನ್ನುವವಳು ಅವಳೇ ಕೀಳಬೇಕಾಯಿತು. ಒಂದೊಂದಾಗಿ ಅಗೆದು, ಗುಂಡಿಗೆ ಮರಳು ತುಂಬಿ, ಮೇಲೆ ಕಾಲಿನಿಂದ ತುಳಿದು ಸಮ ಮಾಡಿದಳು.

ಈ ನಡುವೆ ಅಂಗಡಿಯಲ್ಲಿ ಏನೋ ಬದಲಾಗಿತ್ತು. ಮೇಜುಗಳ ಮೇಲೆ ಸದಾ ಇರುತ್ತಿದ್ದ, ವಿನೆಗರಿನಲ್ಲಿ ನೆನೆಸಿದ ಮೆಣಸಿನಕಾಯಿಯ ಜಾಡಿಗಳು ಕಾಣಿಸುತ್ತಿರಲಿಲ್ಲ.

"ಪಾ ಬುವಾ, ಹುಳಿಮೆಣಸಿನಕಾಯಿ ಎಲ್ಲಿ?" ಗಿರಾಕಿಗಳು ಕೇಳುವರು.

"ಮುಗೀತು."

"ದಿನಾ ಮುಗೀತದಾ? ಇದೇನು ನೂಡಲ್ಲಾ, ಆಸ್ಪತ್ರೆ ಗಂಜಿನಾ?"

ಒಂದು ದಿನ ಸೈಪಿನ್ ಕೇಳಿಯೇಬಿಟ್ಟಳು. "ಲಾಂಚು ಬರ್ತಾ ಇದೆ, ವಿನೆಗರೂ ಬಂದಿದೆ. ಯಾಕಮ್ಮ ಇಡ್ತಿಲ್ಲ?"

ತಾಯಿ ಸೌಟು ಕೆಳಗಿಟ್ಟಳು. ತಲೆಗೆ ಕಟ್ಟಿದ ಬಟ್ಟೆಯನ್ನೇ ಬಿಚ್ಚಿ ಮುಖಕ್ಕೆ ಒತ್ತಿ ಹಿಡಿದಳು.

"ಆ ವಾಸನೆ ಬಂದ್ರೆ ಆ ಮಗು ಕೂಗು ಕೇಳುತ್ತೆ ಮಗಳೇ... ಲಾಂಚು ನಿಂತಿತ್ತಲ್ಲ. ಜಾಡಿ ಖಾಲಿ. ಆ ಬಾಟಲಿ ಸುಮ್ನೆ ನೇತಾಡ್ತಿರುತ್ತೆ, ಯಾರೂ ಮುಟ್ಟಲ್ಲ. ಹಿಂದೇನೂ ಒಂದೆರಡು ಸಲ ತಗೊಂಡಿದ್ದೆ, ಅವತ್ತೂ ಕಮ್ರೋನ್ ನೋಡಿ ಹೋದ್ಮೇಲೆ ತಗೊಂಡೆ. ಖಾಲಿ ಕಂಡ್ರೆ ನಿನ್ನ ಬೈತಾರೆ ಅಂತ ನೀರು ತುಂಬ್ಸಿಟ್ಟೆ. ಲಾಂಚು ಬಂದ ತಕ್ಷಣ ಸರಿ ಮಾಡೋಣ ಅಂತಿದ್ದೆ."

ಮೊದಲ ದಿನ ಅವನು ಚೆಲ್ಲಿದ್ದೂ ನೀರೇ. ಅವನ ಪ್ರತಿ ಮಾತೂ ನಿಜವೇ.

"ಪೀ ಕಮ್ರೋನ್‌ಗೆ ಗೊತ್ತಿತ್ತಾ?"

"ಅವತ್ತು ಸಂಜೇನೇ ಬಂದ. ಜಾಡಿ ಮುಚ್ಚಳ ತೆಗೆದ. ಲಾಂಚೇ ಬರದ ಊರಲ್ಲಿ ಇದು ಹೇಗೆ ತುಂಬ್ತು ಅಂತ ಅವನಿಗೆ ಹೊಳೀದೇ ಇರುತ್ತಾ? ನಾನು ಕೈ ಮುಗಿದೆ. 'ಪಾ, ಇನ್ಮೇಲೆ ಅಂಗಡಿಯಿಂದ್ಲೇ ತರ್ಸಿ' ಅಂದ. ಅಷ್ಟೇ ಅಂದಿದ್ದು."

ಆ ರಾತ್ರಿಯೇ ಸೈಪಿನ್ ಜಿಲ್ಲಾ ಕಚೇರಿಗೆ ಕಾಗದ ಬರೆದಳು. ಬಾಟಲಿ ತೆಗೆದವರು ಯಾರು, ಜೀವರಕ್ಷಕನ ತಪ್ಪಿಲ್ಲ, ಕಂಬಗಳನ್ನು ಮತ್ತೆ ನೆಡಿಸಬೇಕು... ಎಲ್ಲ ಬರೆದಳು. ಲಕೋಟೆಗೆ ಹಾಕಿ ಅಂಟಿಸಿದಳು. ಕಳಿಸಲು ಮಾತ್ರ ಕೈ ಏಳಲಿಲ್ಲ.

ಕಳಿಸಿದರೆ ಅಂಗಡಿ ಕೀಳಿಸುತ್ತಾರೆ. ಗಂಡ ಸತ್ತ ಮೇಲೆ ಆ ಒಲೆಯ ಮುಂದೆ ನಿಂತೇ ಮಗಳನ್ನು ಬೆಳೆಸಿದ ತಾಯಿ ಈ ವಯಸ್ಸಿನಲ್ಲಿ ಎಲ್ಲಿಗೆ ಹೋದಾಳು? ಕಳಿಸದಿದ್ದರೆ ಅವನ ಹೆಸರು ಮಣ್ಣುಪಾಲು. ಕಂಬವಿಲ್ಲದ ತೀರದಲ್ಲಿ ಇನ್ನೊಂದು ಮಗು... ಬಾಯಲ್ಲಿಟ್ಟ ಬಿಸಿತುಪ್ಪದಂತೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಲಕೋಟೆ ಬಟ್ಟೆಗಳ ನಡುವೆ ಬಿದ್ದುಕೊಂಡಿತು. ತಿಂಗಳುಗಳು ಉರುಳಿದವು. ಗಾಳಿ ತಿರುಗಿತು. ಮೀನುಗಾರರ ಬಲೆಗೆ ಗಾಜಿನಂಥ ಲೋಳೆಮೀನು ಮತ್ತೆ ಬೀಳತೊಡಗಿತು.

ಒಂದು ಬೆಳಿಗ್ಗೆ ತಾಯಿ ಸಾರಿಗೆ ನೀರಿಡುತ್ತ, ತಿರುಗಿ ನೋಡದೆ ಕೇಳಿದಳು. "ಬಟ್ಟೆ ನಡುವೆ ಕಂಡೆನಲ್ಲ, ಆ ಕಾಗದ ಇನ್ನೂ ಇಟ್ಕೊಂಡಿದ್ದೀಯಾ?"

"...ಇದೆ ಅಮ್ಮ."

"ಬೇಗ ಹೊರಡು ಹಂಗಾದ್ರೆ. ಗಾಳಿ ಎದ್ರೆ ಲಾಂಚು ನಿಲ್ಲಿಸ್ತಾರೆ."

ಅಷ್ಟೇ. ಹೋಗು ಎಂದಳೋ, ಹೋಗಲೇಬೇಕಲ್ಲ ಎಂದು ಕೈಚೆಲ್ಲಿದಳೋ, ಮಗಳಿಗೆ ತಿಳಿಯಲಿಲ್ಲ.

ಆಚೆ ದಡದ ಧಕ್ಕೆಯಲ್ಲಿ ಒಬ್ಬ ಲಾಂಚಿನ ಹಗ್ಗ ಬಿಗಿದು, ಇಳಿಯುವವರಿಗೆಲ್ಲ ಕೈ ನೀಡುತ್ತಿದ್ದ. ಮುಖ ನೋಡುತ್ತಿರಲಿಲ್ಲ, ಬರೀ ಕೈ. ಸೈಪಿನ್ ಆ ಕೈ ಹಿಡಿದು ಇಳಿದಳು. ಇಳಿದ ಮೇಲೂ ಬಿಡಲಿಲ್ಲ.

"ಕೈ ಬಿಡಮ್ಮ, ಹಿಂದೆ ಜನ..." ಎನ್ನುತ್ತ ತಲೆಯೆತ್ತಿದವನು ಹಾಗೇ ನಿಂತ. "ಪಿನ್."

ಜೀವರಕ್ಷಕರ ಕೆಂಪು ಬನಿಯನ್ನಿನಲ್ಲಿ ಗಟ್ಟಿಮುಟ್ಟಾಗಿದ್ದವನು ಬಡಕಲಾಗಿದ್ದ. ಅವಳು ಅಳಬಾರದೆಂದುಕೊಂಡಿದ್ದಳು. ಎಲ್ಲಿ ಆಗುತ್ತೆ?

"ಯಾಕೆ ಹೇಳ್ಲಿಲ್ಲ ಪೀ?"

"ಹೇಳಿದ್ರೆ ನಿನ್ನ ಮುಖ ಹೇಗೆ ನೋಡ್ಲಿ?"

"ಹೇಳದೇ ಇದ್ದು ನೋಡಿದ್ರಾ? ಲಾಂಚು ಹತ್ತಿ ಹೋದ್ರಿ." ಅವಳು ಕಣ್ಣೊರೆಸಿಕೊಂಡಳು. "ನಾನು ನಿಮ್ಮ ಮೇಲೆ ಹೇಳ್ಬಿಟ್ಟೆ."

"ನೀನು ಕಂಡದ್ದು ಹೇಳ್ದೆ."

"ಕಂಡದ್ದು ಅರ್ಧ. ಇನ್ನರ್ಧ ಇದ್ರಲ್ಲಿದೆ. ಜಿಲ್ಲಾ ಕಚೇರಿಗೆ." ಲಕೋಟೆ ತೋರಿಸಿದಳು.

ಅವನು ಹೌಹಾರಿದ. "ಹುಚ್ಚಾ ನಿಂಗೆ? ಹರಿದು ಹಾಕು. ಹೋದದ್ದು ನನ್ನ ಕೆಲಸ ತಾನೇ, ಹೋಗ್ಲಿ ಬಿಡು. ಪಾ ಬುವಾನ ಬೀದಿಗೆ ಹಾಕ್ತೀಯಾ?"

"ಕಂಬ ಕಿತ್ತು ಹಾಕಿದ್ರು ಪೀ."

"ಯಾವ ಕಂಬ?"

"ಎಲ್ಲಾ ಕಂಬ. ನನ್ನ ಕೈಯಿಂದಾನೇ ಕೀಳ್ಸಿದ್ರು... ಲೋಳೆಮೀನು ಬರೋಕೆ ಶುರುವಾಗಿದೆ."

ತನ್ನೊಬ್ಬನ ಹೆಸರು ಹೋದರೆ ಎಲ್ಲ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದ ಪಾಪ. ಕಡಲಿನ ಕಡೆ ಒಮ್ಮೆ ನೋಡಿದ. ಆಮೇಲೆ ಹಗ್ಗವನ್ನು ಜೊತೆಗಾರನ ಕೈಗೆ ಕೊಟ್ಟ.

"ನಡಿ. ಪೋಸ್ಟಾಫೀಸು ಮುಚ್ತಾರೆ."

ಕಿಟಕಿಯ ಹಿಂದಿನ ಹೆಂಗಸು ತಲೆಯೆತ್ತದೆ ಕೇಳಿದಳು. "ಸಾದಾನಾ, ರಿಜಿಸ್ಟರಾ?"

"ಕಳೆದುಹೋಗ್ಬಾರ್ದು."

"ಹಂಗಾದ್ರೆ ರಿಜಿಸ್ಟರ್. ಹಿಂದೆ ನಿಮ್ಮ ಹೆಸರು ಬರೀರಿ."

ಸೈಪಿನ್ ಬರೆದಳು. ಬರೆದ ಮೇಲೆ ಲಕೋಟೆಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು.

"ಅಂಗಡಿ ಹೋಗುತ್ತೆ ಪೀ. ನನ್ನ ಕೆಲಸಾನೂ ಹೋಗುತ್ತೆ. ಅಷ್ಟೆಲ್ಲ ಹೋದ್ರೂ ಅವರು ಕಂಬ ನೆಡ್ತಾರೋ ಇಲ್ವೋ... ಯಾವುದೂ ನನ್ನ ಕೈಯಲ್ಲಿಲ್ಲ."

"ನನ್ನ ಕೈಯಲ್ಲೂ ಇಲ್ಲ. ಸಂಜೆ ಲಾಂಚಿಗೆ ನಾನೂ ಬರ್ತೀನಿ. ನಿಮ್ಮಮ್ಮ ಒಬ್ಳೇ ಕಾಯ್ತಿರ್ತಾಳೆ."

"ಊರವರು ಕೇಳಿದ್ರೆ ಯಾರಂತ ಹೇಳ್ಲಿ?"

"ನೀನು ಏನಂತೀಯೋ ಅದೇ."

"ಗಂಡ ಅಂದ್ರೆ?"

"ಗಂಡಾನೇ."

"ಏನಮ್ಮ," ಎಂದಳು ಕಿಟಕಿಯ ಹೆಂಗಸು, "ಕಾಗದ ಕೊಡ್ತೀರಾ, ಇಲ್ಲ ಮದುವೆ ಮುಗಿಸ್ಕೊಂಡು ಬರ್ತೀರಾ?"

ಸೈಪಿನ್ ಅಳುತ್ತಲೇ ನಕ್ಕಳು. ಒಂದು ಕೈ ಅವನ ಕೈಯಲ್ಲಿತ್ತು. ಇನ್ನೊಂದು ಕೈಯಿಂದ ಲಕೋಟೆಯನ್ನು ಕಿಟಕಿಯೊಳಗೆ ಸರಿಸಿದಳು. ಆ ಹೆಂಗಸು ಮುದ್ರೆ ಒತ್ತಿ, ಅದನ್ನು ಹಿಂದಿದ್ದ ಚೀಲಕ್ಕೆ ಎಸೆದಳು.