ಮಡುವಿಗಿಳಿದ ಯಂತ್ರ

1998ರ ಡಿಸೆಂಬರ್ 4, ಶುಕ್ರವಾರ ಬೆಳಿಗ್ಗೆ ಎಂಜಿನಿಯರ್ ಬಸವಪ್ರಭು ವಿದ್ಯಾನಗರದ ಠಾಣೆಗೆ ಬಂದು ದೂರು ಕೊಟ್ಟ. ನಿಜಲಿಂಗಪ್ಪ ಬಡಾವಣೆಯ ಅವನ ಪ್ರಯೋಗಶಾಲೆಯಲ್ಲಿ ಯಂತ್ರವೊಂದು ಕಳುವಾಗಿತ್ತು. ಯಾರೂ ನಡೆಸದೆಯೇ ಕಡಲ ತಳಕ್ಕಿಳಿದು, ಅಲ್ಲಿರುವುದನ್ನೆಲ್ಲ ಶಬ್ದದ ಅಲೆಗಳಿಂದ ಚಿತ್ರಿಸಿಕೊಂಡು, ತಾನಾಗಿ ಮೇಲೆ ಬರುವ ಯಂತ್ರ. ಮುಂದಿನ ವಾರ ಮಂಗಳೂರಿನ ಕಡಲಲ್ಲಿ ಅದರ ಪರೀಕ್ಷೆಯಿತ್ತು.

ಇನ್‌ಸ್ಪೆಕ್ಟರ್ ಹುಲಿಯಪ್ಪ ಎಫ್‌ಐಆರ್ ದಾಖಲಿಸಿ, ಸ್ಥಳಕ್ಕೆ ಹೋಗಿ ಪಂಚನಾಮೆ ಬರೆಸಿದ. ಬೀಗ ಮುರಿದಿರಲಿಲ್ಲ. ಯಂತ್ರದ ನಕ್ಷೆಗಳು ಇದ್ದಲ್ಲೇ ಇದ್ದವು. ಹೋಗಿದ್ದು ಯಂತ್ರ, ಬ್ಯಾಟರಿ, ಚಿತ್ರ ನೋಡುವ ಕಂಪ್ಯೂಟರ್. ಮಾರುವ ಕಳ್ಳ ನಕ್ಷೆ ಬಿಟ್ಟು ಹೋಗುವುದಿಲ್ಲ. ಇದನ್ನು ಒಯ್ದವರು ನೀರಿಗಿಳಿಸಲೆಂದೇ ಒಯ್ದಿದ್ದಾರೆ ಎಂದು ಹುಲಿಯಪ್ಪನಿಗೆ ಅನ್ನಿಸಿತು.

"ಬೀಗದ ಕೈ ಯಾರ ಹತ್ರ ಐತೆ?"

"ನನ್ನ ಹತ್ರ, ವಾಣಿ ಹತ್ರ. ಯಂತ್ರದ ಪ್ರೋಗ್ರಾಂ ಬರೆದೋರು ಅವ್ರೇ. ಇವತ್ತು ಬಂದಿಲ್ಲ."

"ಹಿಂದೆ ಇದನ್ನ ಇಳಿಸಿದ್ದು ಎಲ್ಲಿ?"

ಬಸವಪ್ರಭು ತಡವರಿಸಿದ. ಹೋದ ತಿಂಗಳು ಹರಿಹರದ ಹೊಳೆಯ ಮಡುವಿನಲ್ಲಿ ಇಳಿಸಿದ್ದರು. ಅಂದು ವಾಣಿಯ ಗಂಡ, ಪ್ರಯೋಗಶಾಲೆಯಲ್ಲೇ ಮೆಕ್ಯಾನಿಕ್ ಆಗಿದ್ದ ಬಕ್ಕೇಶ್, ಕಾಲು ಜಾರಿ ಬಿದ್ದು ಮುಳುಗಿದ್ದನಂತೆ. ಹೆಣ ಸಿಕ್ಕಿರಲಿಲ್ಲ.

"ಯಂತ್ರ?"

"ಅದು ತಾನಾಗೇ ಮ್ಯಾಲೆ ಬಂತು."

ಕಾನ್‌ಸ್ಟೇಬಲ್ ರೇವಣ್ಣ ಬಾಡಿಗೆ ವ್ಯಾನುಗಳ ನಿಲ್ದಾಣದಲ್ಲಿ ವಿಚಾರಿಸಿದ. ನಸುಕಿನಲ್ಲಿ ಒಬ್ಬ ಹೆಣ್ಣುಮಗಳನ್ನು ಸಾಮಾನಿನ ಸಮೇತ ಹರಿಹರದ ಹೊಳೆದಂಡೆಗೆ ಬಿಟ್ಟುಬಂದೆನೆಂದು ಚಾಲಕ ಓಬಯ್ಯ ಹೇಳಿದ.

ಜೀಪು ತಲುಪಿದಾಗ ವಾಣಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪೊಲೀಸರನ್ನು ಕಂಡರೂ ಏಳಲಿಲ್ಲ.

"ಸ್ವಲ್ಪ ಕೂಡ್ರಿ ಸಾರ್. ಅದು ಬರೋ ಹೊತ್ತಾತು."

ಮಡುವಿನ ನೀರು ಕಪ್ಪಗೆ, ಅಲುಗದೆ ನಿಂತಿತ್ತು. ಹುಲಿಯಪ್ಪ ಯಾಕೋ ಕೂತ. ಯಂತ್ರ ಮೇಲೆದ್ದಿತು. ಪರದೆಯ ಮೇಲೆ ಬಂಡೆಗಳ ಸಂದಿಯಲ್ಲಿ ಒಂದಾಳುದ್ದದ ಆಕೃತಿ ಮೂಡಿತು. ಅದರ ನಡುವಿನಿಂದ ಸಣ್ಣ ಗೆರೆಯೊಂದು ಬಂಡೆಯವರೆಗೆ ಚಾಚಿತ್ತು.

ಮರುದಿನ ಅಂಬಿಗರು ಹೆಣ ಮೇಲೆತ್ತಿದರು. ಸೊಂಟಕ್ಕೆ ಹಗ್ಗ ಬಿಗಿದಿತ್ತು. ಜಾರಿ ಬೀಳುವವನು ಹಗ್ಗ ಕಟ್ಟಿಕೊಂಡು ಬೀಳುತ್ತಾನೆಯೇ ಎಂದು ಕೇಳಿದಾಗ ಬಸವಪ್ರಭು ಒಪ್ಪಿಕೊಂಡ. ಯಂತ್ರ ಬಂಡೆಗೆ ಸಿಕ್ಕಿಕೊಂಡಿತ್ತು, ಬಿಡಿಸಲು ಬಕ್ಕೇಶನನ್ನು ತಾನೇ ಇಳಿಸಿದ್ದ. ಯಂತ್ರ ಮೇಲೆ ಬಂದೊಡನೆ ಅದರತ್ತ ಓಡುವ ಭರದಲ್ಲಿ ತಾನು ಹಿಡಿದಿದ್ದ ಹಗ್ಗವನ್ನು ಕೈಬಿಟ್ಟಿದ್ದ. ಹಗ್ಗ ಬಂಡೆಗೆ ಸಿಕ್ಕಿ ಬಕ್ಕೇಶ್ ಮೇಲೆ ಬರಲಾಗಿರಲಿಲ್ಲ.

ಅವನನ್ನು ದಸ್ತಗಿರಿ ಮಾಡಲಾಯಿತು. ಕಳವಿಗಾಗಿ ವಾಣಿಯನ್ನೂ. ಯಾಕೆ ಹೀಗೆ ಮಾಡಿದಿರಿ ಎಂದಾಗ ಅವಳು ಮೆಲ್ಲಗೆ ಹೇಳಿದಳು:

"ಅವ್ರು ಬದುಕಿಲ್ಲ ಅಂತ ನಂಗೆ ಗೊತ್ತಿತ್ತು ಸಾರ್. ನಮ್ಮತ್ತಿ ನಂಬಲಿಲ್ಲ. ದಿನಾ ಮಗನಿಗೆ ರೊಟ್ಟಿ ತೆಗೆದಿಡ್ತಾರೆ. ಯಂತ್ರ ಮಂಗಳೂರಿಗೆ ಹೋದ್ರೆ ಇನ್ನು ಯಾರು ಹುಡುಕ್ತಿದ್ರು?"

ಹುಲಿಯಪ್ಪ ಹೇಳಿಕೆಗೆ ಸಹಿ ಹಾಕಿಸಿಕೊಂಡ. ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಜೀಪನ್ನು ರುದ್ರಭೂಮಿಯ ಕಡೆ ತಿರುಗಿಸಲು ಹೇಳಿದ. ಗಂಡನಿಗೆ ಮಣ್ಣು ಹಾಕುವಾಗ ಅವಳ ಕೈಗಳಿಗೆ ಬೇಡಿಯಿರಲಿಲ್ಲ.